ಹಳದಿ ಕ್ಲೆಮ್ಯಾಟಿಸ್: ಕಂಡದ್ದೆಲ್ಲಾ ದಳವಲ್ಲ
(ವಿದ್ಯಾರ್ಥಿಗಳ ವಿಜ್ಞಾನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಿಮಗೆ ಒಂದು ಬಳ್ಳಿಯ ಪರಿಚಯ ಮಾಡಿಕೊಡಲು ಬಯಸುತ್ತೇನೆ. ಅದರ ಹೆಸರು ಕ್ಲೆಮ್ಯಾಟಿಸ್ ತಂಗುಟಿಕಾ. ಟಿಬೆಟ್, ಚೀನಾದ ಗಾನ್ಸು, ಚಿಂಗ್‌ಹಾಯ್ ಮುಂತಾದ ಎತ್ತರದ ಪ್ರದೇಶಗಳ ಕಲ್ಲುಗುಡ್ಡಗಳೂ ನದಿದಂಡೆಗಳೂ ಇದರ ತವರು. ರಷ್ಯಾದ ಸಸ್ಯವಿಜ್ಞಾನಿ ಮ್ಯಾಕ್ಸಿಮೋವಿಚ್ 1889ರಲ್ಲಿ ಇದನ್ನು ಬೇರೊಂದು ಪ್ರಭೇದದ ಒಂದು ಬಗೆಯೆಂದು ಮಾತ್ರ ಗುರುತಿಸಿದರು. 1898ರಲ್ಲಿ ಕೊರ್ಜಿನ್‌ಸ್ಕಿ ಇದಕ್ಕೆ ಸ್ವತಂತ್ರ ಪ್ರಭೇದದ ಸ್ಥಾನ ನೀಡಿದರು. ನಮ್ಮ ಅಡುಗೆಮನೆಯ ಕಲೋಂಜಿ ಇದೆಯಲ್ಲ, ಅದೂ ಇದೂ ಒಂದೇ ಕುಟುಂಬ: ರನನ್‌ಕ್ಯುಲೇಸಿ.

ಹೂವು ಕೆಳಮುಖವಾಗಿ ತೂಗುವ ಹಳದಿ ಲಾಟೀನಿನಂತಿದೆ. ನಾಲ್ಕು ದಳಗಳೆಂದು ನೀವು ಎಣಿಸುತ್ತೀರಿ. ಆದರೆ ಅವು ದಳಗಳಲ್ಲ, ಪುಷ್ಪಪತ್ರಗಳು. ಈ ಹೂವಿಗೆ ದಳಗಳೇ ಇಲ್ಲ. ಮೊಗ್ಗನ್ನು ಕಾಯುವ ಪುಷ್ಪಪತ್ರವೇ ಬಣ್ಣ ತಳೆದು ಕೀಟಗಳನ್ನು ಕರೆಯುತ್ತದೆ. ನಮ್ಮ ಅಂಗಳದ ಕಾಗದದ ಹೂವಿನಲ್ಲೂ ಬಣ್ಣದ ಭಾಗ ದಳವಲ್ಲ ಎಂಬುದನ್ನು ನೆನಪಿಡಿ.

ಇನ್ನು ಹತ್ತುವ ಬಗೆ. ಹಾಗಲಬಳ್ಳಿಗೆ ಸುರುಳಿ ಸುತ್ತುವ ಕುಡಿಗಳಿವೆ, ವೀಳ್ಯದೆಲೆಯ ಬಳ್ಳಿಗೆ ಅಂಟುವ ಬೇರುಗಳಿವೆ. ಇದಕ್ಕೆ ಎರಡೂ ಇಲ್ಲ. ಎಲೆಯ ತೊಟ್ಟೇ ಕಡ್ಡಿಗೆ ತಾಗಿದೊಡನೆ ಬಾಗಿ ಸುತ್ತಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ ಕ್ಲೆಮ್ಯಾಟಿಸ್‌ನ ಹಲವು ಪ್ರಭೇದಗಳನ್ನು ಪರೀಕ್ಷಿಸಿ, ಈ ಸ್ಪರ್ಶಗುಣವನ್ನು 1865ರಲ್ಲಿ ವಿವರಿಸಿದರು. ಅವರ ಬಳಿಯಿದ್ದ ಉಪಕರಣ ಏನು ಗೊತ್ತೇ? ತೊಟ್ಟಿನ ಮೇಲೆ ಇಳಿಬಿಟ್ಟ ಒಂದು ದಾರದ ತುಂಡು, ಜೊತೆಗೆ ತಾಳ್ಮೆ!

ಹೂ ಉದುರಿದ ಮೇಲೆ ಬೆಳ್ಳಿಯಂತಹ ನಯವಾದ ತುಪ್ಪಳದ ಚೆಂಡು ಕಾಣುತ್ತದೆ. ಎಕ್ಕದ ಹತ್ತಿಯಂತಿದ್ದರೂ ಇದರ ಕತೆ ಬೇರೆ. ಎಕ್ಕದ ಕೂದಲು ಬೀಜದ ಮೇಲೆ ಹುಟ್ಟುತ್ತದೆ. ಇಲ್ಲಿ ಹೂವಿನ ಶಲಾಕೆಯೇ ಉದ್ದವಾಗಿ ಗರಿಯಾಗುತ್ತದೆ, ಒಂದೇ ಬೀಜದ ಪುಟ್ಟ ಒಣ ಹಣ್ಣನ್ನು ಗಾಳಿಯಲ್ಲಿ ಹೊತ್ತೊಯ್ಯುತ್ತದೆ.

ಇದೇ ಗರಿ ಇನ್ನೊಂದು ನಾಡಿನಲ್ಲಿ ತೊಂದರೆ ತಂದಿತು. ಅಂದಕ್ಕಾಗಿ ಈ ಬಳ್ಳಿಯನ್ನು ಕೆನಡಾಕ್ಕೆ ಒಯ್ದು ತೋಟಗಳಲ್ಲಿ ನೆಟ್ಟರು. ಬೀಜ ಬೇಲಿ ದಾಟಿತು, ಬಳ್ಳಿ ಕಾಡಿನ ಗಿಡಗಳನ್ನು ಮುಚ್ಚಿತು. ಆಲ್ಬರ್ಟಾ ಪ್ರಾಂತ್ಯದ 2010ರ ನಿಯಮಾವಳಿ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿತು. ನಮಗಿದು ಹೊಸ ಪಾಠವಲ್ಲ. ಚೆಂದಕ್ಕೆಂದು ತಂದ ಲಂಟಾನ ಬಂಡೀಪುರದ ಕಾಡಿನಲ್ಲಿ ಏನು ಮಾಡಿದೆಯೆಂದು ಹೋಗಿ ನೋಡಿ. ತಪ್ಪು ಬಳ್ಳಿಯದಲ್ಲ. ತವರಿನಲ್ಲಿ ಅದು ಕಳೆಯಲ್ಲ. ತಿಳಿಯದೆ ತಂದವರದು ತಪ್ಪು.

ಮಿತ್ರರೇ, ನಮ್ಮ ಪಶ್ಚಿಮಘಟ್ಟದಲ್ಲೂ ಇದರ ಬಂಧುವೊಂದಿದೆ: ಬಿಳಿ ಹೂವಿನ ಕ್ಲೆಮ್ಯಾಟಿಸ್ ಗೌರಿಯಾನಾ. ಘಟ್ಟದ ಕಡೆ ಹೋದಾಗ ಹುಡುಕಿ. ಈ ಕುಲದ ಗಿಡಗಳ ರಸ ಚರ್ಮವನ್ನು ಸುಡಬಹುದು, ಆದ್ದರಿಂದ ಕೀಳಬೇಡಿ, ಹಿಸುಕಬೇಡಿ. ದಳವೋ ಪುಷ್ಪಪತ್ರವೋ, ಕುಡಿಯೋ ತೊಟ್ಟೋ, ನೀವೇ ನಿರ್ಧರಿಸಿ ಬರೆದಿಡಿ. ಪುಸ್ತಕವನ್ನು ಆಮೇಲೆ ತೆರೆಯಿರಿ.