ಮಾಜಿ ಸೈನಿಕರ ಕಿವಿ, ಕಾಲು ಮತ್ತು ಪಿಂಚಣಿ



ಸೈನ್ಯದಿಂದ ಮರಳಿ ಒಕ್ಕಲುತನ ಹಿಡಿದವರು ನಿಮ್ಮಲ್ಲಿಯೂ ಇರಬಹುದು. ತೋಪಿನ ಸದ್ದಿಗೆ ಕಿವಿ ಮಂದವಾಗಿ, ಇಲ್ಲವೆ ಹಿಮದಲ್ಲಿ ಕಾಲ್ಬೆರಳು ಕೆಟ್ಟು ಬಿಡುಗಡೆಯಾಗಿ ಬಂದಿದ್ದರೆ, 'ನಮ್ಮ ದೈವ' ಎಂದು ಸುಮ್ಮನಿರಬೇಡಿರಿ. ಕೂಗಿದರೂ ಓಗೊಡಲಿಲ್ಲವೆಂದು ಮನೆಯವರು ಸಿಟ್ಟಾಗುವುದು ಬೇರೆ!

ಸೇರುವಾಗಿನ ದಾಖಲೆಯಲ್ಲಿ ಇಲ್ಲದ ಬೇನೆಯು ಸೇವೆಯಿಂದಲೇ ಬಂದಿತೆಂದು ಎಣಿಸಬೇಕು, ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕು ಎಂದು ಧರಮವೀರ ಸಿಂಗರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪಿತ್ತಿದೆ. ವೈದ್ಯಮಂಡಳಿಯ ಕಾಗದದಲ್ಲಿ ಊನವು ಶೇಕಡಾ ಎಷ್ಟೆಂದಿದೆ, ನೋಡಿರಿ. ಸಾಮಾನ್ಯವಾಗಿ 20ಕ್ಕೆ ಕಡಿಮೆ ಇರಬಾರದು. 2023ರ ಸೆಪ್ಟೆಂಬರ್ 21ರ ತರುವಾಯ ನಿವೃತ್ತರಾದವರಿಗೆ ಮಾತ್ರ ಬೇರೆ ನಿಯಮಗಳಿವೆ.

ಗೆದ್ದಲು ಹಿಡಿಯುವ ಮೊದಲೇ ಆ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು ಸೈನಿಕ ಕಲ್ಯಾಣ ಕಚೇರಿಗೆ ಒಯ್ಯಿರಿ. ಅರ್ಜಿ ತಳ್ಳಿಹೋದರೆ ಮೇಲ್ಮನವಿಯುಂಟು. ಅಲ್ಲಿಯೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯುಂಟು.