ಮಿಲಿಟರಿ ಬಿಟ್ಟ ಮೇಲೆ ಹೆಚ್ಚುವ ಕಾಯಿಲೆ
(ಶಿರಿಯದ ಕೂಟದಲ್ಲಿ ಮಾಡಿದ ಭಾಷಣ)



ಬೀಡಿ ಕೆಲಸದವರ ಪಿ.ಎಫ್., ಕಟ್ಟಡ ಕೆಲಸದವರ ಕ್ಷೇಮನಿಧಿ, ಇವುಗಳ ಬಗ್ಗೆ ಇಂಥ ಕೂಟಗಳಲ್ಲಿ ನಾವು ಹಲವು ಸಲ ಮಾತಾಡಿಕೊಂಡಿದ್ದೇವೆ. ಇಂದು ಮಾಜಿ ಸೈನಿಕರ ವಿಷಯ. ಮಿಲಿಟರಿಯವರಿಗೆ ಪೆನ್ಶನ್ ಇದೆ, ಕ್ಯಾಂಟೀನ್ ಇದೆ, ಅವರಿಗೇನು ಕಡಿಮೆ, ಅವರು ಕಾರ್ಮಿಕರೋ ಎಂದು ನಮ್ಮಲ್ಲೇ ಕೆಲವರು ಕೇಳುತ್ತಾರೆ. ಹದಿನೇಳು ವರ್ಷ ಗಡಿಯಲ್ಲಿ ದುಡಿದು, ನಲವತ್ತು ತುಂಬುವ ಮೊದಲೇ ಊರಿಗೆ ಬಂದು, ಮತ್ತೆ ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಯಾವುದೋ ಆಸ್ಪತ್ರೆಯ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವವನು ಕಾರ್ಮಿಕನಲ್ಲದೆ ಮತ್ತೇನು?

ನಮ್ಮ ಬಳಿ ಕಾಗದ ಬರೆಸಲು ಬಂದವರಲ್ಲಿ ಒಬ್ಬರ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಆರ್ಟಿಲರಿಯಲ್ಲಿ ಹವಾಲ್ದಾರರಾಗಿದ್ದವರು. ಫಿರಂಗಿಯ ಸದ್ದಿನಿಂದ ಕಿವಿ ಮಂದವಾಗಿತ್ತು. ಬಿಡುಗಡೆಯ ಹೊತ್ತಿಗೆ ಮೆಡಿಕಲ್ ಬೋರ್ಡಿನವರು ಅದು ಸೇವೆಯಿಂದಲೇ ಬಂದದ್ದೆಂದು ಒಪ್ಪಿ, ಊನ ಶೇಕಡಾ 15 ಎಂದು ಬರೆದರು. ಈಗ ಅವರಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಹಗಲಿರುಳು ಜೀರುಂಡೆಯ ಸದ್ದು. ರಾತ್ರಿ ಪಾಳಿಯಲ್ಲಿ ಕಾರಿನವನು ಹಾರ್ನ್ ಹೊಡೆದದ್ದು ಕೇಳಲಿಲ್ಲವೆಂದು ಕಾವಲು ಕೆಲಸದಿಂದ ತೆಗೆದುಹಾಕಿದರು. ಅವರಿಗೆ ಸಾಮಾನ್ಯ ಪೆನ್ಶನ್ ಬರುತ್ತದೆ. ಊನದ ಬಾಬತ್ತು ಒಂದು ಪೈಸೆಯೂ ಇಲ್ಲ.

ಏಕೆ ಇಲ್ಲ? ಊನ ಶೇಕಡಾ 20 ಮುಟ್ಟಬೇಕೆಂಬುದು ನಿಯಮ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಬೇಸರಪಡಬೇಡಿರಿ. ಪೂರ್ತಿ ನೂರು ಶೇಕಡಾ ಊನವಾದರೆ ಕೊನೆಯ ಸಂಬಳದ ಶೇಕಡಾ 30ರಷ್ಟು ಹಣ, ಅದು ಸಾಮಾನ್ಯ ಪೆನ್ಶನ್ನಿನ ಮೇಲೆ. ಸಂಬಳ 40,000 ರೂಪಾಯಿ ಇತ್ತೆಂದು ಇಟ್ಟುಕೊಳ್ಳಿ, ನೂರಕ್ಕೆ 12,000. ಹಾಗಾದರೆ 20 ಶೇಕಡಾ ಊನದವನಿಗೆ 2,400 ರೂಪಾಯಿ. ಆದರೆ ಊನ 50ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಎಂದೂ, 50ರಿಂದ 75ರ ತನಕ ಇದ್ದರೆ 75 ಎಂದೂ, ಅದಕ್ಕೂ ಮೇಲಾದರೆ 100 ಎಂದೂ ಎಣಿಸುವ ಪದ್ಧತಿ 1996ರಿಂದ ಇದೆ. ಮೊದಲು ಇದು ಕಾಯಿಲೆಯ ದೆಸೆಯಿಂದ ಮಧ್ಯದಲ್ಲೇ ಹೊರಹಾಕಲ್ಪಟ್ಟವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಎಂಬವರ ಮೊಕದ್ದಮೆಯಲ್ಲಿ ಹೇಳಿತು. ಆಗ 20 ಇದ್ದವನಿಗೆ 2,400 ಅಲ್ಲ, 6,000 ಬರುತ್ತದೆ. 15 ಇದ್ದವನಿಗೆ ಸೊನ್ನೆ. ಆ ಐದು ಅಂಕದ ನಡುವೆ ಒಂದು ಮನೆಯ ಅಕ್ಕಿ ಮೀನಿನ ಖರ್ಚು ಇದೆ.

ಆದುದರಿಂದ ಕಾಯಿಲೆ ಹೆಚ್ಚಾದವರು ಮರುಪರೀಕ್ಷೆ ಕೇಳಬೇಕು. ಬೋರ್ಡು ಬರೆದ ಶೇಕಡಾ ಅಂತಿಮವೆಂದು 2001ರ ಸರಕಾರಿ ಆದೇಶ ಹೇಳುತ್ತದೆ. ಆದರೆ ಅದೇ ವಾಕ್ಯದಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ: ಪೆನ್ಶನ್‌ದಾರ ತಾನಾಗಿ ಪುನರ್ವಿಮರ್ಶೆ ಕೇಳಿದರೆ ಹೊರತು. ಅಂದರೆ ಯಾರೂ ಕರೆದು ಪರೀಕ್ಷಿಸುವುದಿಲ್ಲ. ನೀವು ಬರೆಯಬೇಕು, ನಿಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳುಹಿಸಿದರೆ ಒಳ್ಳೆಯದು.

ಹಾಗೆಂದು ಎಲ್ಲರೂ ಓಡಬೇಡಿರಿ. 20 ಇದ್ದದ್ದು 40 ಆದರೆ ಒಂದು ರೂಪಾಯಿಯೂ ಹೆಚ್ಚು ಸಿಗದು, ಎರಡನ್ನೂ 50 ಎಂದೇ ಎಣಿಸುತ್ತಾರೆ. ಪ್ರಯೋಜನವಿರುವುದು 20ರ ಕೆಳಗೆ ನಿಂತವನಿಗೆ, 40ರಿಂದ 50 ದಾಟಿದವನಿಗೆ, 75 ದಾಟಿದವನಿಗೆ. ಬೋರ್ಡು ಮೇಲಕ್ಕೆ ಹೋಗುವಂತೆ ಕೆಳಕ್ಕೂ ಹೋಗಬಹುದು. ಮೊದಲು ಹೊರಗಿನ ಒಳ್ಳೆಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಅಂಕ ನೋಡಿ, ಆಮೇಲೆ ಅರ್ಜಿ. ಇನ್ನೊಂದು ಮಾತು. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಹೊರಬಂದವರಿಗೆ ಹೊಸ ನಿಯಮಗಳಿವೆ. ನಾವು ಹೇಳಿದ ಲೆಕ್ಕ ಅದಕ್ಕಿಂತ ಮೊದಲು ಬಂದವರಿಗೆ.

ಇನ್ನು ಕೆಲವರ ಕಾಗದದಲ್ಲಿ ಶೇಕಡಾ ಬೇಕಾದಷ್ಟಿದೆ, ಆದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಒಂದೇ ಸಾಲು. ಬಿ.ಪಿ., ಸಕ್ಕರೆ ಕಾಯಿಲೆ, ಮನಸ್ಸಿನ ಕಾಯಿಲೆ ಇವುಗಳ ಮುಂದೆ ಈ ಸಾಲು ಬಹಳ ಕಾಣುತ್ತದೆ. ಅಂಥವರು ಧರಮ್‌ವೀರ್ ಸಿಂಗರ ಹೆಸರನ್ನು ನೆನಪಿಡಬೇಕು. ಸಿಗ್ನಲ್ಸ್ ದಳದ ಸಿಪಾಯಿ, 1985ರಲ್ಲಿ ಸೇರಿದವರು. ಮೂರ್ಛೆರೋಗ ಬಂದು 1994ರಲ್ಲಿ 20 ಶೇಕಡಾ ಊನವೆಂದು ಹೊರಹಾಕಿದರು, ಆದರೆ ಸೇವೆಗೆ ಸಂಬಂಧವಿಲ್ಲವೆಂದು ಪೆನ್ಶನ್ ಕೊಡಲಿಲ್ಲ. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಹೀಗೆ: ಸೇರುವಾಗ ಪರೀಕ್ಷೆ ಮಾಡಿ ತೆಗೆದುಕೊಂಡವರು ನೀವು, ಆಗ ಯಾವ ಕಾಯಿಲೆಯನ್ನೂ ಬರೆದಿಟ್ಟಿಲ್ಲವಾದರೆ, ಆಮೇಲೆ ಬಂದದ್ದು ಸೇವೆಯಿಂದ ಬಂದದ್ದೆಂದೇ ಮೊದಲು ಎಣಿಸಬೇಕು, ಅಲ್ಲವೆಂದಾದರೆ ಬೋರ್ಡು ಕಾರಣ ಬರೆಯಬೇಕು, ರುಜುವಾತಿನ ಭಾರ ಸಿಪಾಯಿಯ ಮೇಲಿಲ್ಲ. ಆದರೆ ಕುಡಿತದಿಂದ, ಹೊಗೆಬತ್ತಿಯಿಂದ ಬಂದ ಕಾಯಿಲೆಗೆ ನಿಯಮದಲ್ಲಿ ಪರಿಹಾರವಿಲ್ಲ. (ಹಿಮದ ಪೋಸ್ಟಿನಲ್ಲಿ ಬೀಡಿ ಕಲಿತವನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನಮಗೆ ಕೇಳುವವರಿಲ್ಲ.)

ತಡವಾಯಿತೆಂದು ಕೈಬಿಡಬೇಡಿರಿ. ತಾರ್ಸೆಮ್ ಸಿಂಗ್ ಎಂಬವರು 1983ರಲ್ಲಿ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. ಪೆನ್ಶನ್ ತಿಂಗಳು ತಿಂಗಳು ತಪ್ಪುವ ಅನ್ಯಾಯವಾದುದರಿಂದ ಹಕ್ಕು ಸಾಯುವುದಿಲ್ಲ, ಆದರೆ ಬಾಕಿ ಮಾತ್ರ ಮೂರು ವರ್ಷದ್ದೇ ಎಂದು 2008ರಲ್ಲಿ ತೀರ್ಪಾಯಿತು. ಉಳಿದ ಹದಿಮೂರು ವರ್ಷದ ಹಣ ಹೋಯಿತು. ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೇಲ್ಮನವಿ, ಅದೂ ಬಿದ್ದರೆ ಎರಡನೆಯ ಮೇಲ್ಮನವಿ, ಆಮೇಲೆ ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್. ಶಿರಿಯದಿಂದ ಕೊಚ್ಚಿ ದೂರವೇ. ಕಿವಿ ಕೇಳದವನು ಒಬ್ಬನೇ ರೈಲು ಹತ್ತಲಾರ, ಜೊತೆಗೆ ನಾವು ಹೋಗಬೇಕಾಗುತ್ತದೆ.

ಈಗ ಕೆಲಸದ ವಿಷಯ. ನಮಗೆ ಹೆಚ್ಚು ನೋವು ಕೊಡುವುದು ಇದೇ. ಸೈನಿಕರಿಗೆ ಬೇರೆ ಉದ್ಯೋಗದ ತರಬೇತಿ ಕೊಡಲು ಪುನರ್ವಸತಿ ಮಹಾನಿರ್ದೇಶನಾಲಯ ಇದೆ. ಊನವಾದ ಸೈನಿಕರಿಗಾಗಿಯೇ ಪುಣೆಯ ಕಿರ್ಕಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಇದೆ, ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದವರಿಗಾಗಿ 1917ರಲ್ಲಿ ಆರಂಭವಾದದ್ದು. ಒಳ್ಳೆಯ ಸಂಗತಿಗಳೇ. ಆದರೆ ತರಬೇತಿ ಹೆಚ್ಚಾಗಿ ಸಿಗುವುದು ಸೇವೆಯ ಕೊನೆಯ ದಿನಗಳಲ್ಲಿ. ಆಗ ಬೆನ್ನು ನೆಟ್ಟಗಿರುತ್ತದೆ, ಸೆಕ್ಯುರಿಟಿ ಕೆಲಸ ಸಾಕೆಂದು ತೋರುತ್ತದೆ. ಬೆನ್ನು ಬಾಗುವುದು ಹತ್ತು ವರ್ಷ ಕಳೆದ ಮೇಲೆ. ಐವತ್ತನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಕಲಿಯಬೇಕಾದವನನ್ನು ಯಾರೂ ಎಣಿಸಿಲ್ಲ. ಆ ವಯಸ್ಸಿನವರಿಗೂ ಎರಡನೆಯ ತರಬೇತಿ ಬೇಕೆಂದು ಯೂನಿಯನ್ನುಗಳು ಮಾಜಿ ಸೈನಿಕರ ಸಂಘಗಳೊಡನೆ ಸೇರಿ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಅಷ್ಟರ ತನಕ ಇರುವ ದಾರಿಗಳನ್ನು ಹಿಡಿಯೋಣ. ಅಂಗವಿಕಲರ ಗುರುತುಚೀಟಿ ಮಾಡಿಸಿಕೊಂಡವರಿಗೆ ತಿರುವನಂತಪುರದಲ್ಲೂ ಬೆಂಗಳೂರಿನಲ್ಲೂ ಕೇಂದ್ರ ಸರಕಾರದ ತರಬೇತಿ ಕೇಂದ್ರಗಳಿವೆ. ಸೈನ್ಯ ಬಿಟ್ಟು ಸರಕಾರಿ ಕೆಲಸಕ್ಕೆ ಸೇರಿದ ಮೇಲೆ ಊನ ಬಂದವರನ್ನು ತೆಗೆಯುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನಂತೆ ಅದೇ ಸಂಬಳದಲ್ಲಿ ಆಗುವ ಕೆಲಸಕ್ಕೆ ಬದಲಾಯಿಸಬೇಕು. ಖಾಸಗಿ ಏಜೆನ್ಸಿಯ ಕಾವಲುಗಾರನಿಗೆ ಆ ರಕ್ಷಣೆ ಇಲ್ಲ. ಅವನಿಗಿರುವುದು ಇ.ಎಸ್.ಐ., ಎಂಟು ಗಂಟೆಯ ಮೇಲಿನ ದುಡಿಮೆಗೆ ದುಪ್ಪಟ್ಟು ಕೂಲಿ, ಮತ್ತು ಯೂನಿಯನ್. ಚೀಟಿಯಲ್ಲಿ ಇ.ಎಸ್.ಐ. ಹಿಡಿಯುತ್ತಾರೋ ಇಲ್ಲವೋ ಎಂದು ಈ ತಿಂಗಳೇ ನೋಡಿಕೊಳ್ಳಿರಿ.

ಭಾಷೆಯ ತೊಂದರೆಯನ್ನೂ ಹೇಳಬೇಕು. ಸೈನ್ಯದ ಕಾಗದ ಇಂಗ್ಲಿಷಿನಲ್ಲಿ, ಜಿಲ್ಲೆಯ ಕಾಗದ ಮಲೆಯಾಳದಲ್ಲಿ, ನಮ್ಮವರು ಓದಿದ್ದು ಕನ್ನಡದಲ್ಲಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿ ಬಂದವರಿದ್ದಾರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಜಿಲ್ಲೆಯ ಕಚೇರಿಗೆ ಕನ್ನಡದಲ್ಲೇ ಬರೆಯಿರಿ. ರೆಕಾರ್ಡ್ಸ್ ಆಫೀಸಿಗೆ ಇಂಗ್ಲಿಷಿನಲ್ಲಿ ನಾವು ಬರೆದುಕೊಡುತ್ತೇವೆ.

ಬರುವಾಗ ಡಿಸ್ಚಾರ್ಜ್ ಪುಸ್ತಕ, ಮೆಡಿಕಲ್ ಬೋರ್ಡಿನ ಕಾಗದ, ಪೆನ್ಶನ್ ಆದೇಶ ಇವುಗಳ ನಕಲು ತನ್ನಿರಿ. ಬೋರ್ಡಿನ ಕಾಗದ ಕಳೆದುಹೋಗಿದ್ದರೆ ಮಾಹಿತಿ ಹಕ್ಕಿನಲ್ಲಿ ತರಿಸಬಹುದು. ಕಿವಿ ಕೇಳದವರು ಹೆಂಡತಿಯನ್ನೋ ಮಗಳನ್ನೋ ಕರೆದುಕೊಂಡು ಬರಲಿ. ನಡೆಯಲಾರದವರ ಮನೆಗೆ ನಾವೇ ಬರುತ್ತೇವೆ. ಅಂಥವರು ನಿಮ್ಮ ನೆರೆಯಲ್ಲಿದ್ದರೆ ಈಗ ಹೊರಡುವ ಮೊದಲು ಹೆಸರು ಬರೆಸಿ ಹೋಗಿರಿ.