ಸೋದರಮಾವ, ಸೋದರಳಿಯ: ಸ್ಕಾಟ್ಲೆಂಡಿನ ಒಂದು ಹಗೆ

ಸೋದರಮಾವ ಎಂಬ ಮಾತಿಗೆ ನಮ್ಮ ಗಡಿಯ ಎರಡೂ ಕಡೆ, ಯಾವ ಭಾಷೆಯಲ್ಲಿ ಹೇಳಿದರೂ, ಒಂದು ತೂಕವಿದೆ. ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಅದು ಬರೇ ‘ಅಂಕಲ್’ ಆಗಿಬಿಡುತ್ತದೆ. ಇಂದು ಹೇಳಲಿರುವ ಎರಡು ಮನೆತನಗಳ ಹಗೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ನಮ್ಮ ಮಾತಿನಲ್ಲೇ ಹೇಳಿಕೊಂಡರೆ ಸಂಗತಿ ಬೇಗ ತಿಳಿಯುತ್ತದೆ.

ಇಂಗ್ಲೆಂಡಿನ ಉತ್ತರಕ್ಕಿರುವ ಸ್ಕಾಟ್ಲೆಂಡು ಹದಿನಾರನೆಯ ಶತಮಾನದಲ್ಲಿ ಬೇರೆಯೇ ರಾಜ್ಯ. ಅಲ್ಲಿಯ ದೊರೆ ಎರಡನೆಯ ಜೇಮ್ಸನ ಮಗಳು ಮೇರಿಯನ್ನು ಹ್ಯಾಮಿಲ್ಟನ್ ಮನೆತನಕ್ಕೆ ಕೊಟ್ಟಿದ್ದರು. ಅವಳ ಮಗ ಜೇಮ್ಸ್, ಆರನ್ ಎಂಬಲ್ಲಿಯ ಅರ್ಲ್, ಅಂದರೆ ದೊಡ್ಡ ಪಾಳೆಯಗಾರ. ಮಗಳು ಎಲಿಜಬೆತಳನ್ನು ಲೆನಕ್ಸಿನ ಸ್ಟುವರ್ಟರ ಮನೆಗೆ ಕೊಟ್ಟರು. ಅವಳ ಮಗ ಜಾನ್. ಮಗನ ಮನೆ ಒಂದು, ಮಗಳ ಮನೆ ಇನ್ನೊಂದು. ಲಗ್ನವಾದರೂ ಅಲ್ಲಿ ಹೆಂಗಸರು ಹುಟ್ಟಿದ ಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಬೀಗತನದಿಂದ ಮನೆಗಳು ಹತ್ತಿರವಾಗುತ್ತಿದ್ದವು, ಒಂದಾಗುತ್ತಿರಲಿಲ್ಲ.

1526ರಲ್ಲಿ ದೊರೆ ಐದನೆಯ ಜೇಮ್ಸನಿಗೆ ಹದಿನಾಲ್ಕು ವರ್ಷ. ಮಲತಂದೆಯಾದ ಆ್ಯಂಗಸಿನ ಅರ್ಲ್ ಅವನನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿದ್ದ. ಹುಡುಗನನ್ನು ಬಿಡಿಸಲು ಲೆನಕ್ಸಿನ ಜಾನ್ ದಂಡು ತಂದ. ಸೆಪ್ಟೆಂಬರ್ 4ರಂದು ಲಿನ್‌ಲಿತ್‌ಗೋ ಸೇತುವೆಯ ಬಳಿ ಅಡ್ಡ ನಿಂತವನು ಬೇರಾರೂ ಅಲ್ಲ, ಸೋದರಮಾವ ಆರನ್. ಗಾಯಗೊಂಡು ಸೆರೆಸಿಕ್ಕ ಅಳಿಯನನ್ನು ಕೊಂದವನು ಆರನ್ನನಿಗೆ ಲಗ್ನದಾಚೆ ಹುಟ್ಟಿದ ಮಗ. ಮಾವ ಹೆಣದ ಮೇಲೆ ತನ್ನ ಮೇಲಂಗಿ ಹೊದಿಸಿ ಅತ್ತನೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಅತ್ತಿರಬಹುದು. ದಾರಿ ಬಿಟ್ಟಿದ್ದರೆ ಅಳುವ ಪ್ರಸಂಗವೇ ಬರುತ್ತಿರಲಿಲ್ಲ.

1542ರ ಡಿಸೆಂಬರಿನಲ್ಲಿ ಆ ದೊರೆಯೂ ತೀರಿಕೊಂಡ. ಉಳಿದದ್ದು ಆರು ದಿನದ ಹೆಣ್ಣುಕೂಸು, ಮೇರಿ. ಕೂಸಿಗೆ ಏನಾದರೂ ಆದರೆ ಪಟ್ಟ ಹ್ಯಾಮಿಲ್ಟನ್ನರಿಗೆ. ಆದ್ದರಿಂದ ಆರನ್ನನ ಮಗನೇ ರಾಜಪ್ರತಿನಿಧಿಯಾದ. ಆಗ ಫ್ರಾನ್ಸಿನಿಂದ ಮರಳಿ ಬಂದ, ಸತ್ತ ಜಾನನ ಮಗ ಮ್ಯಾಥ್ಯೂ ಒಂದು ಹಳೆಯ ಕಾಗದ ಕೆದಕಿದ. ರಾಜಪ್ರತಿನಿಧಿಯ ತಂದೆ ಮೊದಲ ಹೆಂಡತಿಯನ್ನು ಬಿಟ್ಟು ಮರುಮದುವೆಯಾಗಿದ್ದ. ಆ ಬಿಡುಗಡೆಯೇ ಸಿಂಧುವಲ್ಲ ಎಂದಾದರೆ ಎರಡನೆಯವಳ ಮಗನಿಗೆ ಹಕ್ಕಿಲ್ಲ, ಪಟ್ಟದ ಸರದಿ ಲೆನಕ್ಸರದು! ಒಂದು ರಾಜ್ಯದ ಭವಿಷ್ಯ ಒಬ್ಬ ಹೆಂಗಸಿನ ಸೋಡಚೀಟಿಯ ಮೇಲೆ ನಿಂತಿತು.

ವಾದ ಗೆಲ್ಲಲಿಲ್ಲ. 1544ರಲ್ಲಿ ಮ್ಯಾಥ್ಯೂ ಇಂಗ್ಲೆಂಡಿನ ದೊರೆಯ ಸೋದರಸೊಸೆ ಮಾರ್ಗರೆಟಳನ್ನು ಮದುವೆಯಾದ. ಅವಳ ತಂದೆ ಯಾರು? ಅದೇ ಆ್ಯಂಗಸ್, ಮ್ಯಾಥ್ಯೂವಿನ ತಂದೆಯ ವೈರಿ. ಪಟ್ಟದ ಆಸೆ ಇದ್ದಲ್ಲಿ ಹಳೆಯ ಹಗೆ ಬೇಕಾದಾಗ ಮರೆಯುತ್ತದೆ, ಬೇಕಾದಾಗ ನೆನಪಾಗುತ್ತದೆ. ಇವರ ಮಗ ಡಾರ್ನ್ಲಿ 1565ರಲ್ಲಿ ರಾಣಿ ಮೇರಿಯ ಕೈಹಿಡಿದ. ಎರಡೇ ವರ್ಷದಲ್ಲಿ ಅವನ ಕೊಲೆಯಾಯಿತು. ರಾಣಿಯನ್ನು ಇಳಿಸಿ ಒಂದು ವರ್ಷದ ಮಗು ಆರನೆಯ ಜೇಮ್ಸನಿಗೆ ಪಟ್ಟ ಕಟ್ಟಿದರು. ಹ್ಯಾಮಿಲ್ಟನ್ನರು ರಾಣಿಯ ಪಕ್ಷ, ಲೆನಕ್ಸ್ ಮೊಮ್ಮಗನ ಪಕ್ಷ.

1570ರ ಜನವರಿಯಲ್ಲಿ, ಅದೇ ಲಿನ್‌ಲಿತ್‌ಗೋ ಊರಿನ ಬೀದಿಯಲ್ಲಿ, ರಾಜಪ್ರತಿನಿಧಿ ಮರೇಯನ್ನು ಒಬ್ಬ ಹ್ಯಾಮಿಲ್ಟನ್ ಗುಂಡಿಟ್ಟು ಕೊಂದ. ಮರೇ ರಾಣಿಗೆ ತಂದೆಯ ಕಡೆಯಿಂದ ಅಣ್ಣ. ಅವನ ಜಾಗಕ್ಕೆ ಲೆನಕ್ಸಿನ ಮ್ಯಾಥ್ಯೂ ಬಂದ. 1571ರ ಏಪ್ರಿಲಿನಲ್ಲಿ ಅವನು ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ನನನ್ನು ಸ್ಟರ್ಲಿಂಗಿನಲ್ಲಿ ಗಲ್ಲಿಗೇರಿಸಿದ. ಈ ಆರ್ಚ್‌ಬಿಷಪ್ ಮ್ಯಾಥ್ಯೂವಿನ ತಂದೆಗೆ ಸೋದರಮಾವನ ಮಗ. ಐದು ತಿಂಗಳೊಳಗೆ ರಾಣಿಯ ಪಕ್ಷದವರು ಸ್ಟರ್ಲಿಂಗಿಗೆ ನುಗ್ಗಿದಾಗ ಮ್ಯಾಥ್ಯೂವಿಗೆ ಗುಂಡು ತಗುಲಿತು. ಅವನು ಸತ್ತದ್ದು ಸೆಪ್ಟೆಂಬರ್ 4ರಂದು. ತಂದೆ ಸೇತುವೆಯ ಬಳಿ ಸತ್ತು ಸರಿಯಾಗಿ ನಲವತ್ತೈದು ವರ್ಷಕ್ಕೆ.

ಮೊಮ್ಮಗನಿಗೆ ಆಗ ಐದು ವರ್ಷ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ಅವನಿಗೇ ಬಂತು. ಹ್ಯಾಮಿಲ್ಟನ್ನರು ಯಾವ ಪಟ್ಟವನ್ನೂ ಏರಲಿಲ್ಲ.